‘ಮರ್ಕ್ಯುರಿ’ ಇನ್ನು ‘ಕರಿಜಾಲಿ’: ನಮ್ಮ ಗ್ರಾಹಕರಿಗೆ ಒಂದು ಪತ್ರ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ಯುಗಾದಿಯಿಂದ, ರೋಮಿನ ದೇವರೊಬ್ಬನ ಹೆಸರು ಹೊತ್ತ ನಮ್ಮ ಸಂಘದ ‘ಮರ್ಕ್ಯುರಿ’ ಚಪ್ಪಲಿಗಳು ಆ ಹೆಸರಿನಲ್ಲಿ ಸಿಗುವುದಿಲ್ಲ. ಅವೇ ಚಪ್ಪಲಿಗಳು ‘ಕರಿಜಾಲಿ’ ಎಂಬ ಹೆಸರಿನಲ್ಲಿ ಬರುತ್ತವೆ. ಅಟ್ಟೆ ಅದೇ, ಹೊಲಿಗೆ ಅದೇ, ಹೊಲಿಯುವ ಕೈಗಳೂ ಅವೇ. ಬದಲಾಗುವುದು ಹಿಮ್ಮಡಿಯ ಜಾಗದಲ್ಲಿ ಒತ್ತುವ ಅಚ್ಚು ಮತ್ತು ಪೆಟ್ಟಿಗೆಯ ಮೇಲಿನ ಅಕ್ಷರ, ಅಷ್ಟೇ. ಮದುವೆಗೆಂದು ಮುಂಗಡ ಕೊಟ್ಟವರನ್ನು ಹೊಸ ಅಚ್ಚು ಕೈಸೇರುವವರೆಗೆ ಕಾಯಿಸಬೇಕಾಗಿ ಬಂತು. ಅದಕ್ಕೆ ಮನಸಾರೆ ಕ್ಷಮೆ ಕೋರುತ್ತೇವೆ. ಆದರೆ ಇಷ್ಟು ವರ್ಷ ಆ ಹೆಸರು ಇಟ್ಟುಕೊಂಡಿದ್ದಕ್ಕೆ ಕ್ಷಮೆ ಕೇಳಿ ಎಂದರೆ ಕೇಳಲಾರೆವು. ಅದು ಒಳ್ಳೆಯ ಹೆಸರಾಗಿತ್ತು, ಬಿಡುವಾಗ ನಮಗೂ ಸಂಕಟವಾಗಿದೆ.

ಬಿಡಬೇಕಾದ ಕಾರಣ ಇಷ್ಟು. ಸರಕು ಮತ್ತು ಸೇವೆಗಳನ್ನು ಟ್ರೇಡ್‌ಮಾರ್ಕ್ ಕಚೇರಿ 45 ವರ್ಗಗಳಾಗಿ ವಿಂಗಡಿಸಿದೆ. ಬಟ್ಟೆ, ಟೋಪಿ, ಪಾದರಕ್ಷೆ ಮೂರೂ 25ನೇ ವರ್ಗ. ಒಂದೇ ಹೆಸರು ಬೇರೆ ಬೇರೆ ವರ್ಗಗಳಲ್ಲಿ ಬೇರೆ ಬೇರೆಯವರ ಬಳಿ ಇರಬಹುದು. ಅಪೊಲೊ ಎಂಬ ಒಬ್ಬನೇ ಗ್ರೀಕ್ ದೇವರ ಹೆಸರು ಟೈರಿನ ಮೇಲೂ ಇದೆ, ಆಸ್ಪತ್ರೆಯ ಮೇಲೂ ಇದೆ. ಯಾರಿಗೂ ಗೊಂದಲವಿಲ್ಲ, ತಕರಾರೂ ಇಲ್ಲ. ನಮ್ಮ ಪಾಲಿಗೆ ಹಾಗಾಗಲಿಲ್ಲ. ಅದೇ ವರ್ಗದಲ್ಲಿ, ಹೊರರಾಜ್ಯದ ಒಬ್ಬರು ನಮಗಿಂತ ಮೊದಲೇ ಮರ್ಕ್ಯುರಿ ಹೆಸರನ್ನು ನೋಂದಾಯಿಸಿಕೊಂಡಿದ್ದಾರೆ. ಅವರ ವಕೀಲರ ಪತ್ರ ಬಂತು. ಕಾಗದಪತ್ರ ನೋಡಿದೆವು, ಹಕ್ಕು ಅವರದೇ. ಕೋರ್ಟಿಗೆ ಅಲೆಯುವ ಹಣವನ್ನು ತೊಗಲಿಗೆ ಹಾಕುವುದೇ ಲೇಸೆಂದು ಸಭೆಯಲ್ಲಿ ಒಮ್ಮತದಿಂದ ತೀರ್ಮಾನಿಸಿದೆವು. ಅವರ ಮೇಲೆ ನಮಗೆ ಸಿಟ್ಟಿಲ್ಲ.

ಸಿಟ್ಟು ಬರುವುದು ಬೇರೆ ಮಾತಿಗೆ. ‘ಹೆಸರು ಬದಲಿಸಿದ ಖರ್ಚನ್ನು ನಮ್ಮ ತಲೆಗೆ ಕಟ್ಟಿದ್ದೀರಿ’ ಎಂದು ಹಲವರು ಹೇಳಿದ್ದಾರೆ. ಕೆಲವರು ‘ಸರ್ಕಾರ ತೆರಿಗೆ ಇಳಿಸಿತು, ನೀವು ದರ ಏರಿಸಿದಿರಿ’ ಎಂದು ಬರೆದಿದ್ದಾರೆ. ಈ ಎರಡು ಮಾತೂ ನಮಗೆ ನೋವು ತಂದಿವೆ, ಆದ್ದರಿಂದ ಲೆಕ್ಕ ಬಿಡಿಸಿ ಹೇಳುತ್ತೇವೆ. 2022ರ ಜನವರಿ 1ರಂದು ಸಾವಿರ ರೂಪಾಯಿವರೆಗಿನ ಪಾದರಕ್ಷೆಯ ಜಿಎಸ್‌ಟಿ ಶೇ 5ರಿಂದ ಶೇ 12ಕ್ಕೆ ಏರಿತು. ಆಗ ನಿಮ್ಮಲ್ಲಿ ಎಷ್ಟೋ ಜನ ನಮ್ಮನ್ನೇ ಬೈದಿರಿ, ನಾವು ಸುಮ್ಮನಿದ್ದೆವು. 2025ರ ಸೆಪ್ಟೆಂಬರ್ 22ರಂದು ಜೋಡಿಗೆ 2,500 ರೂಪಾಯಿವರೆಗೆ ಶೇ 5 ಆಯಿತು. ಅದೇ ದಿನ ಬೆಳಿಗ್ಗೆ ನಮ್ಮ ಮಳಿಗೆಯ ದರಪಟ್ಟಿ ಬದಲಾಗಿತ್ತು. ಹಳೆಯ ರಸೀದಿ ಇದ್ದವರು ಪಕ್ಕದಲ್ಲಿಟ್ಟು ನೋಡಿ. ಈಗ ಏರಿರುವುದು ತೊಗಲಿನ ಬೆಲೆಯಿಂದ. ಎಮ್ಮೆಯ ತೊಗಲು ಮೊದಲಿನಂತೆ ಸಿಗುತ್ತಿಲ್ಲ. ಜಾಲಿ ತೊಗಟೆ ಮತ್ತು ಅಳಲೆಕಾಯಿಯಲ್ಲಿ ಹದ ಮಾಡುವುದು ವಾರಗಟ್ಟಲೆಯ ಕೆಲಸ, ಅದಕ್ಕೆ ಕೈಹಾಕುವ ಹುಡುಗರು ಊರಲ್ಲಿ ಕಡಿಮೆ. ಇರುವವರಿಗೆ ನ್ಯಾಯವಾದ ಕೂಲಿ ಕೊಡದೆ ದರ ಹಿಡಿದಿಡುವುದು ನಮ್ಮಿಂದಾಗದು. ಹೆಸರಿನ ಖರ್ಚು ಇದರ ಮುಂದೆ ಏನೇನೂ ಅಲ್ಲ. ನಮ್ಮಂಥ ಸಣ್ಣ ಉದ್ಯಮ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ. ನೋಂದಣಿ ಹತ್ತು ವರ್ಷ ನಡೆಯುತ್ತದೆ. ಹಿತ್ತಾಳೆಯ ಅಚ್ಚು, ಪೆಟ್ಟಿಗೆಯ ಮುದ್ರಣ ಎರಡನ್ನೂ ಸಂಘದ ಮೀಸಲು ನಿಧಿಯಿಂದ ಭರಿಸಿದ್ದೇವೆ. ಒಂದು ಜೋಡಿಯ ಮೇಲೂ ಹಾಕಿಲ್ಲ.

ಇನ್ನು ಮಳಿಗೆಯಲ್ಲಿ, ಫೋನಿನಲ್ಲಿ, ಜಾತ್ರೆಯ ಅಂಗಡಿಯಲ್ಲಿ ಮತ್ತೆ ಮತ್ತೆ ಕೇಳಿಬರುವ ಪ್ರಶ್ನೆ: ‘ನಮ್ಮಲ್ಲಿ ದೇವರಿಗೆ ಬರವೇ? ಗ್ರೀಸು, ರೋಮಿನ ದೇವರನ್ನೇ ಯಾಕೆ ಹಿಡಿದಿರಿ? ಈಗಲಾದರೂ ನಮ್ಮ ದೇವರ ಹೆಸರಿಡಿ.’ ಪ್ರೀತಿಯಿಂದ ಕೇಳಿದವರಿದ್ದಾರೆ, ಮೂದಲಿಸಿದವರೂ ಇದ್ದಾರೆ. ಇಬ್ಬರಿಗೂ ಒಂದೇ ಉತ್ತರ.

ಚಪ್ಪಲಿಯನ್ನು ನಾವು ಹೊಸ್ತಿಲಾಚೆ ಬಿಡುವವರು. ಗುಡಿಯ ಮೆಟ್ಟಿಲ ಕೆಳಗೆ ಬಿಡುವವರು. ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುವವರು. ಅಂಥ ನಾವು ಯಾವ ದೇವರ ಹೆಸರನ್ನು ಹಿಮ್ಮಡಿಯ ಕೆಳಗೆ ಒತ್ತುವುದು? ಹೊರದೇಶದ ಕಂಪನಿಗಳು ಗಣಪತಿಯ ಚಿತ್ರವನ್ನು ಚಪ್ಪಲಿಯ ಮೇಲೆ ಅಚ್ಚು ಹಾಕಿದಾಗ ಎದ್ದ ಪ್ರತಿಭಟನೆ ನಿಮಗೆ ನೆನಪಿರಬಹುದು. ಕಾನೂನಿನ ದಾರಿಯೂ ಸಲೀಸಲ್ಲ. ಊದುಬತ್ತಿಗೆ ‘ರಾಮಾಯಣ’ ಎಂಬ ಹೆಸರನ್ನು ನೋಂದಾಯಿಸಿಕೊಳ್ಳಲು ಹೊರಟಿದ್ದ ವ್ಯಾಪಾರಿಯೊಬ್ಬರ ಪ್ರಕರಣದಲ್ಲಿ, ಪವಿತ್ರ ಗ್ರಂಥದ ಹೆಸರನ್ನು ಸರಕಿನ ಗುರುತಾಗಿ ಒಬ್ಬರೇ ತಮ್ಮದೆನ್ನುವಂತಿಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ದೇವರ ಮುಂದೆ ಹಚ್ಚುವ ಊದುಬತ್ತಿ. ನಮ್ಮದು ಕೆಸರು ತುಳಿಯುವ ಚಪ್ಪಲಿ.

ಕೆಲವು ಹಿರಿಯರು ‘ಹರಳಯ್ಯ’ ಎಂದು ಹೆಸರಿಡಿ ಎಂದರು. ಆ ಸಲಹೆಯ ಹಿಂದಿನ ಅಕ್ಕರೆ ನಮಗೆ ಗೊತ್ತು, ನಮ್ಮ ಕೆಲಸದ ಕೋಣೆಯಲ್ಲಿ ಅವರದೇ ಪಟವಿದೆ. ಆದರೆ ಯೋಚಿಸಿ. ಶರಣ ದಂಪತಿ ಹರಳಯ್ಯ ಮತ್ತು ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಮಾಡಿ ಒಪ್ಪಿಸಿದ ಪಾದರಕ್ಷೆಯನ್ನು ಬಸವಣ್ಣನವರೇ ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು. ಆ ಹೆಸರನ್ನು ನಾವು ಅಂಗಾಲಿನಡಿಗೆ ತರುವುದಿಲ್ಲ. ಇದು ವ್ಯಾಪಾರದ ಲೆಕ್ಕವಲ್ಲ.

ಗ್ರೀಸು, ರೋಮಿನ ದೇವರುಗಳ ಮಾತು ಬೇರೆ. 4ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಥಿಯೋಡೋಸಿಯಸ್ ಆ ಪೂಜೆಗಳನ್ನೆಲ್ಲ ನಿಷೇಧಿಸಿದ. ಗುಡಿಗಳು ಮುಚ್ಚಿದವು, ಕತೆಗಳು ಉಳಿದವು. ಶಾಲೆಯಲ್ಲಿ ಲ್ಯಾಟಿನ್ ಓದಿದ ಯುರೋಪಿನವರ ಬಾಯಲ್ಲಿ ಆ ಹೆಸರುಗಳು ಶತಮಾನಗಟ್ಟಲೆ ಸವೆದು, ಪೂಜೆಯ ಹಂಗಿಲ್ಲದೆ ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ಮಾತುಗಳಾದವು. ಅಮೆರಿಕದ ಶೂ ಕಂಪನಿಯೊಂದು 1971ರಲ್ಲಿ ಗ್ರೀಕರ ವಿಜಯದೇವತೆ ನೈಕಿಯ ಹೆಸರಿಟ್ಟುಕೊಂಡಿತು. ಅದರ ಗೀಟಿನಂಥ ಗುರುತನ್ನು ಬರೆದುಕೊಟ್ಟ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್ ಆಗ ಪಡೆದದ್ದು 35 ಡಾಲರ್. ದೇವತೆ ಶೂ ಮೇಲೆ ಕುಳಿತಳೆಂದು ಯಾರೂ ಬೀದಿಗಿಳಿಯಲಿಲ್ಲ. ಗುಡ್‌ಇಯರ್ ಟೈರಿನ ರೆಕ್ಕೆಯ ಪಾದ ನೋಡಿದ್ದೀರಲ್ಲ, ಅದು ಮರ್ಕ್ಯುರಿಯದೇ ಪಾದ. ಅಮೆರಿಕದ ಆಕ್ರನ್ ಊರಿನಲ್ಲಿ ಕಂಪನಿಯ ಸ್ಥಾಪಕ ಫ್ರಾಂಕ್ ಸೈಬರ್ಲಿಂಗ್ ಅವರ ಮನೆಯ ಮೆಟ್ಟಿಲ ಬಳಿ ಆ ದೇವರ ವಿಗ್ರಹವಿತ್ತು, ಗುರುತು ಅಲ್ಲಿಂದ ಬಂತು.

ನಮ್ಮ ಬೀದಿಯಲ್ಲೂ ಈ ದೇವರುಗಳು ಎಂದೋ ಬಂದು ನೆಲೆಸಿದ್ದಾರೆ. ಅಪ್ಪಂದಿರು ತುಳಿದ ಅಟ್ಲಾಸ್ ಸೈಕಲ್ಲಿನ ಬಿಲ್ಲೆಯಲ್ಲಿ ಭೂಗೋಳ ಹೊತ್ತು ನಿಂತವನು ಗ್ರೀಕ್ ಕತೆಯವನು. ಮೂಲದಲ್ಲಿ ಅವನಿಗೆ ಸಿಕ್ಕ ಶಿಕ್ಷೆ ಆಕಾಶ ಹೊರುವುದು. ಹರ್ಕ್ಯುಲಿಸ್ ಸೈಕಲ್ಲಿನ ಹೆಸರೂ ಅಂಥದೇ ಕತೆಯದು. ಟೈಟಾನ್ ಗಡಿಯಾರದ ಹೆಸರನ್ನು ಟಾಟಾ ಇಂಡಸ್ಟ್ರೀಸ್ ಮತ್ತು ತಮಿಳುನಾಡು ಎಂಬುದರ ಮೊದಲಕ್ಷರಗಳಿಂದ ಕಟ್ಟಿದರಂತೆ, ಆದರೂ ಅದು ಹೋಗಿ ನಿಂತದ್ದು ಗ್ರೀಕರ ದೈತ್ಯಕುಲದ ಹೆಸರಿನ ಮೇಲೆ. ಹಿಮ್ಮಡಿ ನೋವೆಂದು ನಮ್ಮಲ್ಲಿಗೆ ಬರುವವರ ಕೈಯಲ್ಲಿರುವ ಡಾಕ್ಟರ ಚೀಟಿಯಲ್ಲಿ ಎಷ್ಟೋ ಸಲ ‘ಅಕಿಲಿಸ್’ ಎಂದು ಬರೆದಿರುತ್ತದೆ. ಅದು ಗ್ರೀಕ್ ಕತೆಯ ವೀರನೊಬ್ಬನ ಹೆಸರು. ಮಗುವಿನ ಮೈಗೆ ಗಾಯ ತಾಗದಿರಲೆಂದು ತಾಯಿ ಹಿಮ್ಮಡಿ ಹಿಡಿದು ಪಾತಾಳದ ಸ್ಟಿಕ್ಸ್ ನದಿಯಲ್ಲಿ ಅದ್ದಿದಾಗ ಅಷ್ಟು ಜಾಗ ನೆನೆಯದೆ ಉಳಿಯಿತಂತೆ. ದುರ್ಯೋಧನನಿಗೆ ತೊಡೆ ಹೇಗೋ ಅವನಿಗೆ ಹಿಮ್ಮಡಿ ಹಾಗೆ. ಇನ್ನು ಹೆದ್ದಾರಿಯ ಪಂಕ್ಚರ್ ಅಂಗಡಿಗಳ ‘ವಲ್ಕನೈಸಿಂಗ್’ ಫಲಕ! ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿ ಮಾಡುವ ವಿದ್ಯೆಯನ್ನು 1839ರಲ್ಲಿ ಕಂಡುಕೊಂಡವರು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್. ಅದಕ್ಕೆ ರೋಮಿನ ಬೆಂಕಿಯ ದೇವರು ವಲ್ಕನ್‌ನ ಹೆಸರು ಬಂದದ್ದು ಇಂಗ್ಲೆಂಡಿನಲ್ಲಿ, ರಬ್ಬರ್ ಉದ್ಯಮಿ ಥಾಮಸ್ ಹ್ಯಾನ್‌ಕಾಕ್ ಅವರ ಗೆಳೆಯರೊಬ್ಬರಿಂದ. ಆ ವಲ್ಕನ್ ಕಾಲು ಕುಂಟುವ ಕಮ್ಮಾರ. ಮಳೆಗಾಲಕ್ಕೆಂದು ನೀವು ಕೇಳಿ ಹಾಕಿಸಿಕೊಳ್ಳುವ ನಮ್ಮ ರಬ್ಬರ್ ಅಟ್ಟೆ ಅದೇ ವಿದ್ಯೆಯಿಂದ ಆದದ್ದು. ಮರ್ಕ್ಯುರಿಯನ್ನು ತೆಗೆದರೂ ವಲ್ಕನ್ ನಿಮ್ಮ ಕಾಲಡಿಯಲ್ಲೇ ಇದ್ದಾನೆ.

ಹಾಗಾದರೆ ಅಷ್ಟು ದೇವರಲ್ಲಿ ಮರ್ಕ್ಯುರಿಯೇ ಯಾಕೆ? ರೆಕ್ಕೆಯ ಚಪ್ಪಲಿ ಹಾಕಿಕೊಂಡವನು ಅವನು. ದಾರಿಹೋಕರನ್ನೂ ವ್ಯಾಪಾರಿಗಳನ್ನೂ ಕಾಯುವವನು. ನಮ್ಮ ಬುಧವಾರ ರೋಮಿನವರಿಗೆ ಮರ್ಕ್ಯುರಿಯ ವಾರ, ಏಕೆಂದರೆ ಗ್ರಹ ಒಂದೇ. ರೋಮಿನಲ್ಲಿ ಮೇ 15 ಅವನ ಹಬ್ಬ. ವರ್ತಕರು ಕಪೇನಾ ಹೆಬ್ಬಾಗಿಲಿನ ಬಳಿಯ ಅವನ ಚಿಲುಮೆಯ ನೀರನ್ನು ತಂದು ತಮ್ಮ ಸರಕಿನ ಮೇಲೂ ತಲೆಯ ಮೇಲೂ ಚಿಮುಕಿಸಿಕೊಂಡು, ಹಿಂದೆ ಹೇಳಿದ ಸುಳ್ಳುಗಳನ್ನು ಮನ್ನಿಸು, ಮುಂದೆಯೂ ಕೊಳ್ಳುವವರನ್ನು ವಂಚಿಸಿ ಸಂತೋಷಪಡುವಂತೆ ಮಾಡು ಎಂದು ಬೇಡುತ್ತಿದ್ದರೆಂದು ಕವಿ ಓವಿಡ್ ಬರೆದಿದ್ದಾನೆ. ಆ ಪ್ರಾರ್ಥನೆ ನಮ್ಮದಾಗಿರಲಿಲ್ಲ. ನಮಗೆ ಬೇಕಾಗಿದ್ದದ್ದು ರೆಕ್ಕೆ ಮಾತ್ರ. ಆ ರೆಕ್ಕೆಯ ಅಚ್ಚು ಒತ್ತುವುದು ಸುಲಭವಲ್ಲ. ತೊಗಲು ತುಸು ತೇವವಿರುವಾಗ ಅಚ್ಚಿಟ್ಟು ಒಂದೇ ಪೆಟ್ಟು ಹೊಡೆಯಬೇಕು. ಎರಡನೆಯದು ಬಿದ್ದರೆ ಗರಿಗಳು ಜೋಡಿಜೋಡಿಯಾಗಿ ಮಸುಕಾಗುತ್ತವೆ. ನಮ್ಮ ಹೆಣ್ಣುಮಕ್ಕಳು ಕೂದಲೆಳೆಯಷ್ಟೂ ಆಚೀಚೆ ಆಗದಂತೆ ಅದನ್ನು ಒತ್ತುತ್ತಾರೆ. ಆ ಕೈಚಳಕದ ಬಗ್ಗೆ ನಮಗೆ ಹೆಮ್ಮೆಯಿದೆ, ಹೊಸ ಅಚ್ಚಿಗೂ ಅವವೇ ಕೈಗಳು.

2025ರ ಜೂನ್‌ನಲ್ಲಿ ಮಿಲಾನ್ ನಗರದ ಫ್ಯಾಷನ್ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳು ಮೂಲದ ಹೆಸರಿಲ್ಲದೆ ನಡೆದುಹೋದ ಸುದ್ದಿ ನೀವೂ ಓದಿದ್ದೀರಿ. ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಕೆಲಸವೂ ಸೇರಿ 2019ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿರುವ ಚಪ್ಪಲಿ ಇದು. ಮಾಡಿದವರ ಹೆಸರು ಬಿಟ್ಟುಹೋದರೆ ಏನಾಗುತ್ತದೆಂದು ಆಗ ಚೆನ್ನಾಗಿ ಅರಿವಾಯಿತು. ಆದ್ದರಿಂದ ಈ ಸಲ ಕತೆಯಿಂದಲ್ಲ, ನಮ್ಮ ಕೆಲಸದೊಳಗಿಂದಲೇ ಹೆಸರು ತೆಗೆದೆವು. ಕರಿಜಾಲಿಯ ತೊಗಟೆ ಇಲ್ಲದೆ ನಮ್ಮ ತೊಗಲಿಗೆ ಆ ಕೆಂಗಂದು ಬಣ್ಣವಿಲ್ಲ, ಬಾಳಿಕೆಯೂ ಇಲ್ಲ. ‘ಚಪ್ಪಲಿಗೆ ಮುಳ್ಳಿನ ಮರದ ಹೆಸರೇ’ ಎಂದು ಒಬ್ಬರು ಕೇಳಿದರು. ಹೌದು. ಹೊಲದ ಬದುವಿನಲ್ಲಿ ಬರಿಗಾಲಲ್ಲಿ ನಡೆದವರಿಗೆ ಅದರ ಅರ್ಥ ಹೇಳಬೇಕಾಗಿಲ್ಲ.

ನಿಮ್ಮ ಬಳಿ ಈಗಿರುವ ಮರ್ಕ್ಯುರಿ ಜೋಡಿಗಳ ಬಗ್ಗೆ ಚಿಂತೆ ಬೇಡ. ಅಟ್ಟೆ ಸವೆದರೆ, ಉಂಗುಟದ ಪಟ್ಟಿ ಹರಿದರೆ, ಜಡೆಯ ಹೆಣಿಗೆ ಬಿಚ್ಚಿದರೆ ಮೊದಲಿನಂತೆಯೇ ತನ್ನಿ. ರೆಕ್ಕೆಯ ಅಚ್ಚು ಇರುವ ಯಾವ ಜೋಡಿಯನ್ನೂ ‘ಹಳೆಯ ಮಾಲು’ ಎಂದು ಹಿಂದಿರುಗಿಸುವುದಿಲ್ಲ. ಅಂಚೆಯಲ್ಲಿ ಕಳಿಸುವವರು ಜೊತೆಗೊಂದು ಚೀಟಿಯಲ್ಲಿ ಎಲ್ಲಿ ಒತ್ತುತ್ತದೆ, ಎಲ್ಲಿ ಸಡಿಲ ಎಂದು ಬರೆದರೆ ಸಾಕು. ನಿಮ್ಮಲ್ಲಿ ಬಹಳ ಜನರ ಪಾದದ ಅಳತೆಗಳು ನಮ್ಮ ವಹಿಯಲ್ಲಿವೆ, ಅವನ್ನು ಹೊಸ ಹೆಸರಿನ ಪುಟಕ್ಕೆ ಹಾಗೆಯೇ ಇಳಿಸಿದ್ದೇವೆ. ಯುಗಾದಿಗೆ ಮುಂಚೆ ಕಾದಿರಿಸಿದವರಿಗೆ ಹಳೆಯ ದರವೇ ಅನ್ವಯಿಸುತ್ತದೆ. ಕಾದು ಬೇಸತ್ತು ಮುಂಗಡ ವಾಪಸು ಬೇಕೆನ್ನುವವರು ರಸೀದಿ ತೋರಿಸಿದರೆ ಅದೇ ದಿನ ಪೂರ್ತಿ ಹಣ ಕೊಡುತ್ತೇವೆ.

ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ, ಸಂಘದ ಎಲ್ಲ ಕುಶಲಕರ್ಮಿಗಳ ಪರವಾಗಿ
ಅಥಣಿ