ಆ ಸಾಲು ಬಂದಾಗ

ಬೆಟಗೇರಿ,
ಡಿಸೆಂಬರ್ 15

ಪ್ರೀತಿಯ ಮಗಳೇ,

ನಿನ್ನ ಪತ್ರ ಶನಿವಾರ ಬಂತು. ಹೊಸ ಕೆಲಸ, ಬಾಡಿಗೆ ಮನೆ, ಎಲ್ಲವನ್ನೂ ಓದಿದೆ, ಸಂತೋಷವಾಯಿತು. ಜುಲೈ ತಿಂಗಳ ಮಾತನ್ನು ನಾನು ಎತ್ತುವುದಿಲ್ಲ. ಅದು ನಿನಗೂ ಗೊತ್ತು, ನನಗೂ ಗೊತ್ತು. ಆದರೆ ಕೊನೆಯ ಪುಟದ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ನೀನು ಬರೆದದ್ದು ಎರಡು ರಾತ್ರಿಯಿಂದ ನನ್ನನ್ನು ಮಲಗಗೊಟ್ಟಿಲ್ಲ. ಕ್ರಿಸ್ಮಸ್ ಕ್ಯಾರಲ್ ತಂಡದಲ್ಲಿ ‘ಇಮ್ಮಾನುವೇಲ್’, ಅಂದರೆ ದೇವರು ನಮ್ಮ ಸಂಗಡ ಇದ್ದಾನೆ, ಎಂಬ ಮಾತು ಬಂದಾಗಲೆಲ್ಲ ಸ್ವರ ಹೊರಡುವುದಿಲ್ಲ, ತುಟಿಯನ್ನಷ್ಟೇ ಆಡಿಸುತ್ತೇನೆ ಎಂದಿದ್ದೀಯೆ. ನಂಬದೆ ಹಾಡುವುದು ಸುಳ್ಳು ಸಾಕ್ಷಿಯಲ್ಲವೇ ಅತ್ತೆ, ನಂಬದೆ ಮೂಕನಾದ ಯಾಜಕ ಜಕರೀಯನಿಗೆ ಆದಂತೆ ದೇವರು ನನ್ನ ಬಾಯಿಯನ್ನೂ ಕಟ್ಟುತ್ತಾನೆಯೇ ಎಂದು ಕೇಳಿದ್ದೀಯೆ.

ಓದಿದ ಕೂಡಲೇ ಉತ್ತರ ಕೈಗೆ ಬಂದಿತ್ತು. ಇಷ್ಟು ವರ್ಷ ಸಂಡೇ ಸ್ಕೂಲ್ ನಡೆಸಿದವಳಲ್ಲವೇ? ಆಜ್ಞೆಯಲ್ಲಿರುವುದು ನೆರೆಯವನ ಮೇಲೆ ಸುಳ್ಳು ಸಾಕ್ಷಿ ಹೇಳಬಾರದೆಂದು, ಹಾಡಿಗೂ ಅದಕ್ಕೂ ಏನು ಸಂಬಂಧ ಎಂದು ಒಂದು ಹಾಳೆ ತುಂಬ ಬರೆದೂ ಬಿಟ್ಟೆ. ಆಮೇಲೆ ಹರಿದು ಹಾಕಿದೆ. ವಕೀಲರ ವಾದಕ್ಕೆ ಹೋಗುವ ಭಯವಲ್ಲ ನಿನ್ನದು. ಹಾಗೆ ಥಟ್ಟನೆ ಉತ್ತರ ಕೊಟ್ಟು ನಾನು ಹಿಂದೆ ಒಮ್ಮೆ ಕೆಟ್ಟಿದ್ದೇನೆ. ಅದನ್ನು ನಿನ್ನ ಅಪ್ಪನಿಗೂ ಹೇಳಿರಲಿಲ್ಲ.

ಫೋಟೋದಲ್ಲಷ್ಟೇ ನೀನು ಕಂಡ ನಿನ್ನ ದೊಡ್ಡಪ್ಪ 1974ರ ಅಕ್ಟೋಬರಿನಲ್ಲಿ ತೀರಿಕೊಂಡ, ಆಗ ಅವನಿಗೆ 17 ವರ್ಷ. ಆ ವರ್ಷ ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದ ಮೊದಲ ಭಾನುವಾರ ಚರ್ಚಿನಲ್ಲಿ ಕರ್ತನ ಪ್ರಾರ್ಥನೆ ಹೇಳುವಾಗ, ‘ನಿನ್ನ ಚಿತ್ತ ನೆರವೇರಲಿ’ ಎಂಬಲ್ಲಿ ಅವ್ವನ ಧ್ವನಿ ನಿಂತುಹೋಯಿತು. ಅನುದಿನದ ಆಹಾರದ ಮಾತು ಬಂದಾಗ ಮತ್ತೆ ಎಲ್ಲರ ಜೊತೆ ಸೇರಿದಳು. ಮೂರು ಭಾನುವಾರ ಹೀಗೆಯೇ ಆಯಿತು. ಮೂರನೆಯ ಭಾನುವಾರ ಮನೆಗೆ ನಡೆದು ಬರುವಾಗ ನಾನು ಅಂದೆ: ‘ಹಾಗೆ ಮಾಡಬಾರದು ಅವ್ವಾ. ಜನ ನೋಡುತ್ತಾರೆ, ದೇವರೂ ನೋಡುತ್ತಾನೆ.’ ನನಗೆ ಆಗ 24 ವರ್ಷ, ಸತ್ಯವೇದವೆಲ್ಲ ತಿಳಿದಿದೆ ಎಂಬ ಭಾವನೆ. ಅವ್ವ ಏನೂ ಹೇಳಲಿಲ್ಲ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮುಂದೆ ನಡೆದಳು. ನಾಲ್ಕನೆಯ ಭಾನುವಾರ ಆ ಸಾಲಿಗೆ ಅವಳ ತುಟಿ ಆಡಿತು. ಪಕ್ಕದಲ್ಲೇ ನಿಂತಿದ್ದ ನನಗೆ ಧ್ವನಿ ಕೇಳಿಸಲಿಲ್ಲ. 1996ರಲ್ಲಿ ಅವಳು ಕಣ್ಣು ಮುಚ್ಚುವ ತನಕ ಹಾಗೆಯೇ ನಡೆಯಿತು. ಅವಳು ತುಟಿ ಆಡಿಸಿದ್ದು ನನಗಾಗಿ. ಅದನ್ನು ಸುಳ್ಳೆಂದು ಕರೆಯುವುದಾದರೆ, ಮಗಳೇ, ಅದನ್ನು ಹೇಳಿಸಿದವಳು ನಾನು.

ನಿನ್ನ ಪತ್ರದಲ್ಲಿ ‘ತುಟಿ’ ಎಂಬ ಮಾತನ್ನು ಓದಿದಾಗ ನನಗೆ ಕಂಡದ್ದು ಅವ್ವನ ಮುಖ.

ಜಕರೀಯನ ಭಯವನ್ನು ನಿನ್ನ ತಲೆಯಲ್ಲಿ ಬಿತ್ತಿದವಳೂ ನಾನೇ ಇರಬೇಕು. ಮಗುವಿಗಾಗಿ ಬೇಡಿ ಬೇಡಿ ಮುದುಕನಾದವನು, ಮೊರೆ ಮುಟ್ಟಿದೆ ಎಂದು ದೂತ ಹೇಳಿದಾಗ ನಂಬಲಾರದೆ ಹೋದ, ಮೂಕನಾದ. ಮಕ್ಕಳಿಗೆ ಕಥೆಯನ್ನು ಅಲ್ಲಿಗೇ ನಿಲ್ಲಿಸಿ, ‘ನೋಡಿದಿರಾ’ ಎನ್ನುತ್ತಿದ್ದೆ. ಲೂಕನ ಸುವಾರ್ತೆಯ ಅದೇ ಅಧ್ಯಾಯದಲ್ಲಿ ಯೇಸುವಿನ ತಾಯಿ ಮರಿಯಳೂ ಇದು ಹೇಗಾದೀತು ಎಂದು ಕೇಳಿದಳು, ಅವಳ ಬಾಯಿ ಕಟ್ಟಲಿಲ್ಲ. ಈ ಭೇದ ಏಕೆಂದು ಎಷ್ಟೋ ಸಭಾಪಾಲಕರನ್ನು ಕೇಳಿದ್ದೇನೆ, ಅವರ ಉತ್ತರಗಳಿಂದ ನನ್ನ ಮನಸ್ಸು ತುಂಬಿಲ್ಲ. ನಿನ್ನೆ ರಾತ್ರಿ ಲೂಕನನ್ನು ಮತ್ತೆ ತೆಗೆದೆ. ಇಷ್ಟು ವರ್ಷ ಕಣ್ಣು ಹಾಯಿಸಿ ದಾಟಿಹೋಗಿದ್ದ ಒಂದು ಮಾತು ಸಿಕ್ಕಿತು. ಮೂಕನಾದ ಮೇಲೂ ಜಕರೀಯನು ದೇವಾಲಯವನ್ನು ಬಿಟ್ಟು ಹೋಗಲಿಲ್ಲ. ಅವನ ಸೇವೆಯ ದಿನಗಳು ಮುಗಿದ ಮೇಲೆಯೇ ಮನೆಗೆ ಹೋದ. ಮಾತಿಲ್ಲದ ಯಾಜಕ, ಉಳಿದ ಯಾಜಕರ ನಡುವೆ, ತನ್ನ ಪಾಳಿ ಮುಗಿಯುವವರೆಗೆ. ಅವನನ್ನು ಯಾರಾದರೂ ಹೊರಗೆ ಕಳುಹಿಸಿದರೆಂದು ಲೂಕ ಬರೆದಿಲ್ಲ.

ಇನ್ನು ನಿನ್ನ ಗಂಟಲಲ್ಲಿ ಸಿಕ್ಕಿಕೊಳ್ಳುವ ಆ ಹೆಸರು. ಪ್ರವಾದಿ ಯೆಶಾಯನ ಏಳನೆಯ ಅಧ್ಯಾಯ ನೋಡು. ಅರಾಮ್ಯರೂ ಇಸ್ರಾಯೇಲ್ಯರೂ ಸೇರಿ ಯೆರೂಸಲೇಮಿನ ಮೇಲೆ ದಂಡೆತ್ತಿ ಬಂದಿದ್ದಾರೆ, ಯೆಹೂದದ ಅರಸ ಆಹಾಜನ ಎದೆ ಗಾಳಿಗೆ ಸಿಕ್ಕ ಕಾಡಿನ ಮರಗಳಂತೆ ನಡುಗುತ್ತಿದೆ. ಒಂದು ಗುರುತು ಕೇಳು ಎಂದು ದೇವರೇ ಅಂದರೂ ಅವನು ಕೇಳಲೊಲ್ಲ. ‘ಇಮ್ಮಾನುವೇಲ್’ ಎಂಬುದು ಮೊದಲು ಬಿದ್ದದ್ದು ನಂಬಲಾರದ ಆ ಮನುಷ್ಯನ ಕಿವಿಗೆ. ನೀನು ಅದನ್ನು ಹಾಡಲಾರದೆ ನಿಂತರೆ ಆ ಹೆಸರಿಗೆ ಕುಂದು ಬರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಜುಲೈಯ ಸರಪಳಿ ಪ್ರಾರ್ಥನೆಯಲ್ಲಿ ನನ್ನ ಪಾಳಿ ರಾತ್ರಿ ಎರಡರಿಂದ ಮೂರು. ನೀನು ಕೇಳಿದ್ದನ್ನೇ ನಾನೂ ಕೇಳಿದೆ. ನಿನ್ನ ಅಪ್ಪ ನನಗೆ ಉಳಿದಿದ್ದ ಒಬ್ಬನೇ ತಮ್ಮನಲ್ಲವೇ? ಏಕೆ ಕೊಡಲಿಲ್ಲವೆಂದು ನನಗೆ ತಿಳಿಯದು. ಮಾತನಾಡಿಸಲು ಬಂದವರು ‘ದೇವರ ಚಿತ್ತ’ ಎಂದಾಗ ನಾನು ಎದ್ದು ಅಡುಗೆ ಮನೆಗೆ ಹೋದೆ. ಐವತ್ತು ವರ್ಷದ ಮೇಲೆ ಅವ್ವನ ಗಂಟಲು ನನಗೆ ಬಂತು. ಮತ್ತಾಯನ ಕ್ರಿಸ್ಮಸ್ ಕಥೆಯೊಳಗೇ ರಾಹೇಲಳು ಇಲ್ಲವಾದ ತನ್ನ ಮಕ್ಕಳಿಗಾಗಿ ಅಳುತ್ತಾಳೆ, ಸಮಾಧಾನ ಒಲ್ಲೆ ಎನ್ನುತ್ತಾಳೆ. ಕುರುಬರನ್ನೂ ಜ್ಞಾನಿಗಳನ್ನೂ ಮಕ್ಕಳಿಂದ ಪ್ರತಿ ವರ್ಷ ಆಡಿಸಿದೆ, ರಾಹೇಲಳನ್ನು ಒಮ್ಮೆಯೂ ವೇದಿಕೆಗೆ ತರಲಿಲ್ಲ. ಆದರೂ ನಾನು ನಂಬುತ್ತೇನೆ ಮಗಳೇ. ಹೇಗೆ ಎಂದು ಕೇಳಿದರೆ ಹೇಳಲು ಬಾರದು.

ಏನು ಮಾಡಲಿ ಎಂದು ನೀನು ಕೇಳಿದ್ದೀಯೆ. ನನ್ನ ಮಾತು ಸರಿಯೋ ತಪ್ಪೋ ಕಾಣೆ. ತುಟಿ ಆಡಿಸುವುದನ್ನು ಬಿಡು, ಆ ಮಾತು ಬಂದಾಗ ಸುಮ್ಮನೆ ನಿಂತಿರು. ಪಕ್ಕದವರು ಹಾಡುತ್ತಾರೆ. ತಂಡದಲ್ಲಿ ಇರು ಎಂಬುದು ನನ್ನ ಆಸೆ, ನೀನು ಬಿಟ್ಟರೂ ನಾನು ಬೇಸರಪಡುವುದಿಲ್ಲ. ರಾತ್ರಿ ಊಟ ತಪ್ಪಿಸಬೇಡ. ನಿದ್ದೆ ಬಾರದಿದ್ದರೆ ಗಂಟೆ ನೋಡದೆ ಫೋನ್ ಮಾಡು.

23ಕ್ಕೆ ರೈಲು ಸಿಕ್ಕರೆ ಬಾ. ಬಾಗಿಲಿಗೆ ನಕ್ಷತ್ರ ಕಟ್ಟುವುದೋ ಬೇಡವೋ ಎಂದು ನಿನ್ನ ಅಮ್ಮ ಕೇಳಿದಳು, ನೀನು ಬಂದ ಮೇಲೆ ನೋಡೋಣ ಎಂದಿದ್ದೇನೆ. ಕರ್ಜಿಕಾಯಿಗೆ ಕೊಬ್ಬರಿ ತುರಿದಿಟ್ಟಿದ್ದೇನೆ. 25ರ ಬೆಳಗ್ಗೆ ಚರ್ಚಿನಲ್ಲಿ ನನ್ನ ಎಡಗಡೆ ನಿಲ್ಲು, ಅವ್ವ ನಿಲ್ಲುತ್ತಿದ್ದ ಕಡೆ. ಆ ಸಾಲು ಬಂದಾಗ ನಾನು ನಿನ್ನ ಕಡೆ ತಿರುಗಿ ನೋಡುವುದಿಲ್ಲ.

ನಿನ್ನ
ಅತ್ತೆ