ಹಗುರ ರಚನೆಗೆ ಮಾದರಿಯ ಪರೀಕ್ಷೆ ಬೇಕು

ಮಾನ್ಯ ಸಂಪಾದಕರೇ,

ನಿಸರ್ಗದಿಂದ ಪ್ರೇರಿತವಾದ ಹಗುರ ಚಾವಣಿಗಳನ್ನು ಕಂಪ್ಯೂಟರ್ ಪರದೆಯ ಮೇಲಷ್ಟೇ ರೂಪಿಸಿದರೆ ಸಾಲದು. ಜರ್ಮನಿಯ ವಾಸ್ತುಶಿಲ್ಪಿ ಫ್ರೈ ಒಟ್ಟೊ ಅವರು ಸಾಬೂನಿನ ಪೊರೆಗಳಲ್ಲಿ ರೂಪ ಹುಡುಕಿದವರು. 1975ರ ಮಾನ್‌ಹೈಮ್ ಸಭಾಂಗಣದ ಮರದ ಜಾಲರಿ ಚಾವಣಿಯ ಆಕಾರವನ್ನು ಅವರು ಕಂಡುಕೊಂಡದ್ದು ತೂಗುಬಿಟ್ಟ ಸರಪಳಿ ಜಾಲದಲ್ಲಿ, ಏಕೆಂದರೆ ಅದನ್ನು ತಲೆಕೆಳಗಾಗಿಸಿದಾಗ ಎಳೆತವೆಲ್ಲ ಒತ್ತಡವಾಗುತ್ತದೆ. ಆದರೆ ಪುಟ್ಟ ಮಾದರಿ ನಿಂತಿತೆಂದು ಕಟ್ಟಡವೂ ನಿಲ್ಲುತ್ತದೆಂದು ನಂಬಲಾಗದು: ಅಳತೆಗಳೆಲ್ಲ 10 ಪಟ್ಟು ಹಿಗ್ಗಿದರೆ ತೂಕ 1,000 ಪಟ್ಟಾಗುತ್ತದೆ, ಅದನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 100 ಪಟ್ಟು. ಆದ್ದರಿಂದ ಒಂದೇ ಬಗೆಯ ಬಿಡಿಘಟಕಗಳನ್ನು ಜೋಡಿಸುವ ರಚನೆಗಳಲ್ಲಿ ಕೂಡುಭಾಗಗಳನ್ನಾದರೂ ಪೂರ್ಣ ಗಾತ್ರದಲ್ಲಿ ತಯಾರಿಸಿ, ಭಾರ ಹೇರಿ ನೋಡಲೇಬೇಕು. ವಾಸ್ತುಶಿಲ್ಪ ಕಾಲೇಜುಗಳು ಈ ಕೈಕೆಲಸಕ್ಕೆ ಸಮಯವನ್ನೂ ಅಂಕಗಳನ್ನೂ ಮೀಸಲಿಡಲಿ ಎಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ