ನಮ್ಮ ಬೈಲಿಗೆ ಸುರಿದ ಮಣ್ಣನ್ನು ತೆಗೆಸಿಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕೊಟ್ಟ ಅರ್ಜಿಗಳು ನಿಮ್ಮ ಕಚೇರಿಯ ಯಾವುದೋ ಕಪಾಟಿನಲ್ಲಿ ಸುಖವಾಗಿವೆ ಎಂದು ಭಾವಿಸುತ್ತೇನೆ. ಕಳೆದುಹೋಗಿದ್ದರೂ ಬೇಸರವಿಲ್ಲ. ಎಲ್ಲದರಲ್ಲಿಯೂ ಇದ್ದದ್ದು ಒಂದೇ ಮಾತು: ನಮ್ಮ ಬೈಲಿನ ಗದ್ದೆಗೂ ಮಳೆನೀರು ಹರಿದುಹೋಗುವ ತೋಡಿಗೂ ಅನುಮತಿಯಿಲ್ಲದೆ ಸುರಿದ ಮಣ್ಣನ್ನು ತೆಗೆಸಿಕೊಡಿ. ಈ ಪತ್ರದಲ್ಲಿರುವುದೂ ಅದೇ. ಮುಚ್ಚಿದ ಲಕೋಟೆಯಲ್ಲಿ ಕೊಟ್ಟದ್ದನ್ನು ಯಾರೂ ಓದಲಿಲ್ಲವಾದ್ದರಿಂದ ಈ ಸಲ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಕೃಷಿಭೂಮಿಯ ಪರಿವರ್ತನೆಯ ಬಗ್ಗೆ ಭೂಕಂದಾಯ ಕಾಯ್ದೆಯ 95ನೇ ಕಲಮಿನಲ್ಲಿ ಏನಿದೆ, ಪರಿವರ್ತನೆಯಾಗದ ಕೃಷಿಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಿದವರ ಬಗ್ಗೆ 96ನೇ ಕಲಮು ಏನು ಹೇಳುತ್ತದೆ ಎಂದು ನಿಮಗೆ ವಿವರಿಸುವ ಉದ್ಧಟತನ ಮಾಡಲಾರೆ. ಕಾನೂನು ಮಾಡುವ ಸಭೆಯಲ್ಲಿ ಕುಳಿತವರು ನೀವು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಗದ್ದೆ ಕೊಳ್ಳಬಹುದು ಎಂದು ಮಾಡಿದ ಸಭೆಯೂ ಅದೇ. ಕೊಳ್ಳಲಿ. ಕೊಂಡ ಗದ್ದೆಯನ್ನು ರಾತ್ರೋರಾತ್ರಿ ಮುಚ್ಚಬಹುದು ಎಂದು ಯಾವ ಕಲಮಿನಲ್ಲಿ ಬರೆದಿದೆ?

ನಮ್ಮದು ಉಡುಪಿ ಜಿಲ್ಲೆಯ ಹಲವು ಊರುಗಳಂತೆಯೇ ಎತ್ತರದ ಬೆಟ್ಟು, ನಡುವಿನ ಮಜಲು, ತಗ್ಗಿನ ಬೈಲು ಎಂದು ಮೂರು ಮೆಟ್ಟಿಲಾಗಿ ಇಳಿಯುವ ಊರು. ಬೆಟ್ಟಿನಲ್ಲಿ ಒಂದೇ ಬೆಳೆ, ಮಜಲಿನಲ್ಲಿ ಎರಡು, ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆಯೂ ಆಗುತ್ತಿತ್ತು. ಈಗ ಉಳಿದಿರುವುದು ಮಳೆಗಾಲದ ಏಣೆಲು ಮಾತ್ರ, ಅದೂ ಕೆಲವರದು. ಬೈಲಿನ ಕೊನೆಯ ಮನೆ ನಮ್ಮದು. ಜಗಲಿಯಲ್ಲಿ ಕುಳಿತರೆ ಕಾಣುವುದೆಲ್ಲ ಗದ್ದೆಯೇ ಆಗಿತ್ತು. ಮಗಳು ದುರ್ಬೀನು ತಂದುಕೊಟ್ಟ ಮೇಲೆ ಬೆಳಗಿನ ಕಾಫಿ ತಣ್ಣಗಾಗದ ದಿನವೇ ಇಲ್ಲ.

ನೀವು ರಾಟವಾಳವನ್ನು ನೋಡಿದ್ದೀರೋ ಇಲ್ಲವೋ ತಿಳಿಯದು. ನೋಡಿಯೇ ಇರುತ್ತೀರಿ, ಗುಬ್ಬಿ ಎಂದುಕೊಂಡು ಬಿಟ್ಟಿರುತ್ತೀರಿ. ಗುಬ್ಬಿಗಿಂತ ಚಿಕ್ಕದು, ಕೊಕ್ಕು ಮಾತ್ರ ಮುಖಕ್ಕೆ ಮೀರಿದಷ್ಟು ದಪ್ಪ. ಚುಕ್ಕೆ ರಾಟವಾಳದ ಎದೆಯಲ್ಲಿ ಮೀನಿನ ಹುರುಪೆಯಂತಹ ಗೆರೆಗಳು. ಕಪ್ಪು ತಲೆಯದಕ್ಕೆ ಹೊಟ್ಟೆಯಲ್ಲಿ ಬಿಳಿ, ಬೆನ್ನಿನಲ್ಲಿ ಕಗ್ಗಂದು. ಬಿಳಿ ಬೆನ್ನಿನದು ನಮ್ಮ ಅಡಕೆ ತೋಟದ ಅಂಚಿನವರೆಗೂ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಅಂಚುಕಟ್ಟೆಯ ಹುಲ್ಲು ಬೀಜ ಕಟ್ಟಿದಾಗ ಇವುಗಳ ಹಿಂಡು ಇಳಿಯುತ್ತದೆ. ಒಂದೊಂದು ಹುಲ್ಲಿನ ದಂಟಿಗೂ ಎರಡು ಮೂರು ಹಕ್ಕಿ ಹತ್ತುತ್ತವೆ, ದಂಟು ಬಾಗಿ ನೆಲ ಮುಟ್ಟುತ್ತದೆ, ಅವು ತಲೆಕೆಳಗಾಗಿಯೇ ತಿನ್ನುತ್ತಿರುತ್ತವೆ. ನಿಂತ ನೀರಿನ ಹಸಿರು ಪಾಚಿಯನ್ನೂ ಎಳೆದು ತಿನ್ನುತ್ತವೆ. ಮರಿ ಮಾಡುವ ಕಾಲದಲ್ಲಿ ಅದು ಅವುಗಳಿಗೆ ಬಲ ಕೊಡುವ ಆಹಾರವಂತೆ. ಚುಕ್ಕೆ ರಾಟವಾಳದ ಗಂಡು ಹಾಡುವುದನ್ನು ನೋಡಬೇಕು. ನೋಡಬೇಕು ಎಂದೇ ಹೇಳುತ್ತಿದ್ದೇನೆ, ಏಕೆಂದರೆ ಗಂಟಲು ಉಬ್ಬುವುದು, ಕೊಕ್ಕು ಆಡುವುದು ಕಾಣುತ್ತದೆಯೇ ಹೊರತು ತೀರ ಹತ್ತಿರವಿದ್ದರಲ್ಲದೆ ದನಿ ಕೇಳಿಸುವುದಿಲ್ಲ. ನಿಮ್ಮ ಕ್ಷೇತ್ರದಲ್ಲಿ ಮೈಕು ಬಳಸದ ಗಾಯಕರು ಇವರೊಬ್ಬರೇ.

ಭತ್ತ ತಿನ್ನುವುದಿಲ್ಲವೇ ಎಂದರೆ, ತಿನ್ನುತ್ತವೆ. ನನ್ನ ಗದ್ದೆಯದೇ ತಿಂದಿವೆ. ತಿಂದ ಮೇಲೆಯೂ ಮನೆಗೆ ಅಕ್ಕಿ ಬಂದಿದೆ. ಮಣ್ಣು ಸುರಿದ ಮೇಲೆ ಬಂದಿಲ್ಲ.

ಸುರಿದದ್ದು ಯಾವಾಗ ಎಂದು ಕೇಳಿ. ಕಳೆದ ವರ್ಷ ಕೆಡ್ಡಸದ ದಿನಗಳಲ್ಲಿ. ಭೂಮಿತಾಯಿ ವಿಶ್ರಾಂತಿಯಲ್ಲಿದ್ದಾಳೆ, ನೆಲಕ್ಕೆ ಹಾರೆ ಪಿಕಾಸು ತಾಗಿಸಬಾರದು ಎಂದು ಇಡೀ ತುಳುನಾಡು ನಂಬುವ ದಿನಗಳು. ಆ ರಾತ್ರಿಯೇ ಟಿಪ್ಪರುಗಳು ಸಾಲಾಗಿ ಬಂದವು. ಎಲ್ಲಿಯದೋ ಗುಡ್ಡ ಕಡಿದ ಕೆಂಪು ಮಣ್ಣು. ಬೆಳಕು ಹರಿಯುವಾಗ ನಮ್ಮ ಪಕ್ಕದ ಗದ್ದೆಗಳು ರಸ್ತೆಯ ಎತ್ತರಕ್ಕೆ ಬಂದಿದ್ದವು. ತೋಡಿನ ಅರ್ಧ ಭಾಗ ಮಣ್ಣಿನಡಿಯಲ್ಲಿತ್ತು. ಕೇಳಲು ಹೋದರೆ ಸ್ಥಳದಲ್ಲಿದ್ದ ಹುಡುಗ ಬಹಳ ಮರ್ಯಾದೆಯಿಂದ, ‘ಅಮ್ಮ, ಎಲ್ಲ ಮೇಲಿನಿಂದ ಆಗಿದೆ’ ಎಂದ. ಮೇಲೆ ಎಂದರೆ ಎಷ್ಟು ಮೇಲೆ ಎಂದು ತಿಳಿಯಲು ನಾನು ಆವತ್ತಿನಿಂದ ಮೆಟ್ಟಿಲು ಹತ್ತುತ್ತಿದ್ದೇನೆ.

ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆಯಲ್ಲಿ ಏನಾಯಿತೆಂದು ನಿಮಗೆ ಹೇಳಲೇಬೇಕು. ಗುಡ್ಡದಿಂದ ಇಳಿದ ನೀರಿಗೆ ಹೋಗಲು ತೋಡಿರಲಿಲ್ಲ. ಅದು ನಮ್ಮ ಅಂಗಳಕ್ಕೆ ಬಂತು, ಅಲ್ಲಿಂದ ಜಗಲಿಗೆ, ಜಗಲಿಯಿಂದ ಚಾವಡಿಗೆ. ಹಾಸಿಗೆ ಹಿಡಿದಿದ್ದ ಅತ್ತೆಯನ್ನು ನೆರೆಮನೆಯ ಹುಡುಗರು ಮಂಚ ಸಮೇತ ಎತ್ತಿಕೊಂಡು ಹೋದರು. ಬಾವಿಯ ನೀರು ಕೆಂಪಾಯಿತು. ಆ ನೀರು ತಿಳಿಯಾಗುವವರೆಗೆ ತಿಂಗಳುಗಟ್ಟಲೆ ಕುಡಿಯುವ ನೀರನ್ನು ಹೊತ್ತು ತಂದೆವು. ಮೊಣಕಾಲು ನೋವಿನವಳು ನಾನು. ನೇಜಿ ನೆಟ್ಟಿದ್ದ ಮಜಲು ಗದ್ದೆಯಲ್ಲಿ ನೀರು ಇಳಿಯದೆ ಪೈರು ಕೊಳೆಯಿತು. ಹೊಸ ತೆನೆಯ ಹಬ್ಬವಾದ ಹೊಸ್ತಿಗೆ ಮನೆಗೆ ಕಟ್ಟಲು ನಾಲ್ಕು ತೆನೆಯಾದರೂ ಸಿಕ್ಕೀತೇ ಎಂದು ಹುಡುಕಿದರೆ ಅದೂ ಇಲ್ಲ. ಗದ್ದೆ ಇರುವ ಮನೆಯವಳು ಪೇಟೆಗೆ ಹೋಗಿ ದುಡ್ಡು ಕೊಟ್ಟು ತೆನೆ ತಂದಿದ್ದೇನೆ, ಶಾಸಕರೇ. ಮೊಂತಿ ಹಬ್ಬಕ್ಕೆ ತೆನೆ ಬೇಕೆಂದು ಪ್ರತಿವರ್ಷ ನಮ್ಮ ಗದ್ದೆಗೆ ಬರುತ್ತಿದ್ದ ಕ್ರೈಸ್ತ ಬಂಧುಗಳನ್ನು ಬರಿಗೈಯಲ್ಲಿ ಕಳುಹಿಸಿದ್ದೇನೆ. ಪರಿಹಾರದ ಅರ್ಜಿಗೆ ಬಂದ ಉತ್ತರ ಇನ್ನೂ ಚೆನ್ನಾಗಿತ್ತು: ಇದು ಪ್ರಕೃತಿ ವಿಕೋಪವೋ ಅಲ್ಲವೋ ಎಂದು ಪರಿಶೀಲನೆಯಲ್ಲಿದೆಯಂತೆ. ಟಿಪ್ಪರು ಯಾವ ಋತುವಿನಲ್ಲಿ ಸುರಿಯುವ ಮಳೆ ಎಂದು ಯಾರಾದರೂ ತಿಳಿಸಬೇಕು.

ಕಂದಾಯದವರು ಇದು ಪಂಚಾಯತಿನದು ಎಂದರು. ಪಂಚಾಯತಿನವರು ತೋಡು ನಮ್ಮದಲ್ಲ ಎಂದರು. ತೋಡಿನವರು ಮಣ್ಣು ತಮ್ಮದಲ್ಲ ಎಂದರು. ಮಣ್ಣು ಯಾರದೂ ಅಲ್ಲವೆಂದಾದರೆ ತೆಗೆಯಲು ಯಾರ ಅಡ್ಡಿ? ತೆಗೆಸಿಕೊಡಿ.

ಇಷ್ಟಾದರೂ ನಾನು ಬಹಿರಂಗವಾಗಿ ಬರೆಯುತ್ತಿರಲಿಲ್ಲ. ನನ್ನನ್ನು ಬರೆಯುವಂತೆ ಮಾಡಿದ್ದು ತೋಡಿನ ಮೇಲೆ ಬಾಗಿ ನಿಂತಿದ್ದ ಹಳೆಯ ತೆಂಗಿನ ಮರ.

ಆ ಮರದ ಗರಿಗಳಲ್ಲಿ ಪ್ರತಿ ಮಳೆಗಾಲ ಗೀಜಗಗಳು ಗೂಡು ಕಟ್ಟುತ್ತಿದ್ದವು. ಉಳಿದ ಕಾಲದಲ್ಲಿ ಹೆಣ್ಣು ಗುಬ್ಬಿಯಂತೆ ಮಂಕಾಗಿರುವ ಗಂಡಿಗೆ ಆಗ ತಲೆಯ ಮೇಲೆ ಹಳದಿ ಬಣ್ಣ ಬರುತ್ತದೆ. ಭತ್ತದ ಎಲೆಯ ಬುಡದಲ್ಲಿ ಕೊಕ್ಕಿನಿಂದ ಕಚ್ಚಿ ಹಿಡಿದು ಹಾರುತ್ತದೆ, ಎಲೆ ಉದ್ದಕ್ಕೆ ದಾರವಾಗಿ ಸೀಳಿ ಬರುತ್ತದೆ. ಅರ್ಧ ನೇಯ್ದ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸಿ ಒಪ್ಪಿದರೆ ಮಾತ್ರ ಗಂಡು ಉಳಿದದ್ದನ್ನು ಮುಗಿಸುತ್ತದೆ. ಒಪ್ಪದಿದ್ದರೆ ಬೇರೆಯದನ್ನು ಕಟ್ಟುತ್ತದೆ. ಕಾಮಗಾರಿ ಪರಿಶೀಲಿಸಿ ಬಿಲ್ಲು ಪಾಸು ಮಾಡುವ ಇಂತಹ ಪದ್ಧತಿ ನಮ್ಮ ಜಿಲ್ಲೆಯಲ್ಲಿ ಬೇರೆಲ್ಲಿಯೂ ಇಲ್ಲ. ಗಾಳಿಗೆ ಹಗುರ ಗೂಡು ತೂರಾಡದಿರಲೆಂದೋ ಏನೋ, ಒಳಗೋಡೆಗೆ ಹಸಿಮಣ್ಣಿನ ಉಂಡೆ ಮೆತ್ತುತ್ತವೆ. ದೊಡ್ಡವು ಕಾಳು ತಿಂದರೂ ಮರಿಗಳಿಗೆ ಗದ್ದೆಯ ಹುಳುಗಳನ್ನು ಹಿಡಿದು ತಂದು ತಿನ್ನಿಸುತ್ತವೆ. ಅದಕ್ಕಾಗಿಯೇ ನಾವು ಆ ಮರದ ಕಾಯಿ ಕೀಳಿಸುವುದನ್ನು ಮಳೆಗಾಲದಲ್ಲಿ ನಿಲ್ಲಿಸುತ್ತಿದ್ದೆವು.

ಕಳೆದ ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಆ ಮರವನ್ನು ಕಡಿದರು. ಮಣ್ಣು ಸುರಿದ ಜಾಗದಲ್ಲಿ ಎದ್ದ ಹೋಂಸ್ಟೇಗೆ ದಾರಿ ಅಗಲ ಸಾಲದಂತೆ. ನಾನು ಓಡಿಹೋಗುವಷ್ಟರಲ್ಲಿ ಗರಿಗಳಿಂದ ಗೂಡುಗಳನ್ನು ಬಿಡಿಸಿ ಗೋಣಿಗೆ ತುಂಬುತ್ತಿದ್ದರು. ನೆಲದಲ್ಲಿ ಬಿಳಿ ಮೊಟ್ಟೆಗಳ ಚೂರು, ರೆಕ್ಕೆ ಮೂಡದ ಮರಿಗಳು. ‘ಖಾಲಿ ಗೂಡು ಮಾತ್ರ ತೆಗೆಯುತ್ತಿದ್ದೇವೆ’ ಎಂದ ಒಬ್ಬ. ಖಾಲಿ ಮಾಡಿದವರು ಯಾರಪ್ಪಾ ಎಂದು ಕೇಳಿದ್ದಕ್ಕೆ ನಕ್ಕರು. ಮೇಲೆ ಹಕ್ಕಿಗಳು ಕತ್ತಲಾಗುವವರೆಗೂ ಮರವಿಲ್ಲದ ಜಾಗದಲ್ಲಿ ಸುತ್ತುತ್ತಿದ್ದವು.

ಗೋಣಿಯಲ್ಲಿ ಹೋದ ಗೂಡುಗಳನ್ನು ನಾನು ಮತ್ತೆ ನೋಡಿದ್ದು ಪತ್ರಿಕೆಯ ಫೋಟೊದಲ್ಲಿ. ಚೌತಿಗೆ ಮೊದಲು ಆ ಹೋಂಸ್ಟೇಯ ಉದ್ಘಾಟನೆ ನಡೆಯಿತು. ವೇದಿಕೆಯ ಹಿಂದೆ ಗೀಜಗನ ಗೂಡುಗಳನ್ನು ಸಾಲಾಗಿ ತೂಗಿಸಿ, ಒಳಗೆ ಸಣ್ಣ ಸಣ್ಣ ಬಲ್ಬು ಉರಿಸಿದ್ದರು. ಮುಂದೆ ದೀಪ ಬೆಳಗುತ್ತಿದ್ದವರು ತಾವು. ‘ಪ್ರಕೃತಿಯ ಮಡಿಲಲ್ಲಿ ಪ್ರವಾಸೋದ್ಯಮ ಬೆಳೆಯಬೇಕು’ ಎಂದು ನೀವು ಹೇಳಿದ್ದೂ ಅಚ್ಚಾಗಿತ್ತು. ಆ ಅಲಂಕಾರ ಎಲ್ಲಿಂದ ಬಂತೆಂದು ನಿಮಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಮರುದಿನವೇ ನಾನು ತಿಳಿಸಿದೆನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಬೇಟೆ ಎಂದರೆ ಕೋವಿ ಹಿಡಿಯುವುದು ಮಾತ್ರವಲ್ಲ, ಕಾಡುಹಕ್ಕಿಯ ಮೊಟ್ಟೆ ಒಡೆಯುವುದೂ ಗೂಡಿಗೆ ಕೈ ಹಾಕುವುದೂ ಸೇರುತ್ತದೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಆ ಮೇಲೆ ಏನಾಯಿತು? ನಿಮ್ಮ ಆಪ್ತ ಸಹಾಯಕರು, ‘ಗುಬ್ಬಿ ಗೂಡಿಗೆಲ್ಲ ಕೇಸು ಹಾಕಿಸುತ್ತೀರಾ ಅಮ್ಮ’ ಎಂದರು. ಹೌದು, ಹಾಕಿಸಿ ಎಂದೇ ಹೇಳಿದೆ. ಈಗಲೂ ಹೇಳುತ್ತೇನೆ.

ಒಂದು ಮರ, ಒಂದು ಬೈಲು ಎಂದು ನಿಮಗೆ ಅನ್ನಿಸಬಹುದು. ದೇಶದ ಸುಮಾರು 30 ಸಾವಿರ ಪಕ್ಷಿವೀಕ್ಷಕರು ಬರೆದಿಟ್ಟ ದಾಖಲೆಗಳಿಂದ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿಯೊಂದು 2023ರಲ್ಲಿ ಬಂತು. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ ಶೇಕಡಾ 60ರಷ್ಟು ಇಳಿಮುಖವಾಗಿವೆ. ತೆರೆದ ಬಯಲನ್ನು ನಂಬಿದ ನಮ್ಮ ನೀಲಕಂಠವೂ ಅದರಲ್ಲಿದೆ. ನಿಮ್ಮ ಲೆಟರ್‌ಹೆಡ್ಡಿನ ಗಂಡಭೇರುಂಡಕ್ಕೆ ಗದ್ದೆ ಬೇಡ, ಕಾಗದ ಸಾಕು. ರಾಜ್ಯಪಕ್ಷಿ ನೀಲಕಂಠಕ್ಕೆ ಬೇಕು.

ನಮ್ಮ ಕಡೆ ಇದು ಹೇಗಾಯಿತು ಎಂದು ಹೇಳಲು ವರದಿಯೂ ಬೇಡ. ಸುಗ್ಗಿ, ಕೊಳಕೆ ನಿಂತ ಮೇಲೆ ಡಿಸೆಂಬರಿನಿಂದಾಚೆ ಬೈಲಿನಲ್ಲಿ ಕಾಳಿಲ್ಲ. ಅಂಗಳದಲ್ಲಿ ಪಡಿಮಂಚಕ್ಕೆ ಹೊರೆ ಬಡಿಯುತ್ತಿದ್ದಾಗ ಸಿಡಿದ ಭತ್ತ ಹಕ್ಕಿಗಳದಾಗಿತ್ತು. ಈಗ ಕಟಾವಿನ ಯಂತ್ರ ಬಂದು ಒಂದೇ ದಿನದಲ್ಲಿ ಮುಗಿಸಿ ಹೋಗುತ್ತದೆ. ಕೂಲಿಯವರು ಸಿಗದ ಮೇಲೆ ನಾನೂ ಅದನ್ನೇ ಕರೆಸುವುದು, ದೂರುವುದಿಲ್ಲ. ಅಂಚಿನ ಹುಲ್ಲಿಗೆ ಕಳೆನಾಶಕ ಹೊಡೆಯುವವರು ಮಾತ್ರ ನನಗೆ ಅರ್ಥವಾಗಿಲ್ಲ. ಬೀಜ ಕಟ್ಟುವ ಮೊದಲೇ ಹುಲ್ಲು ಸುಟ್ಟರೆ ರಾಟವಾಳ ಏನು ತಿನ್ನಬೇಕು? ಉಳುಮೆಯಿಲ್ಲದೆ ಹಡಿಲು ಬಿದ್ದ ಗದ್ದೆಯಲ್ಲಿ ಮೊದಲ ಒಂದೆರಡು ವರ್ಷ ಅವಕ್ಕೆ ಹಬ್ಬವೇ, ಆಮೇಲೆ ಪೊದೆ ಬೆಳೆದು ಹುಲ್ಲೂ ಇಲ್ಲ. ಹೆದ್ದಾರಿ 66 ಅಗಲವಾದಂತೆ ಅದರ ಬದಿಯ ಗದ್ದೆಗಳು ಶೋರೂಮುಗಳಾದವು. 2021ರಲ್ಲಿ ಉಡುಪಿಯಲ್ಲಿ ಹಡಿಲು ಗದ್ದೆಗಳನ್ನು ಮತ್ತೆ ಉತ್ತು ನೆಟ್ಟ ಆಂದೋಲನ ನಡೆದಾಗ ಕೆಸರಿಗಿಳಿದು ಫೋಟೊ ತೆಗೆಸಿಕೊಂಡ ದೊಡ್ಡವರು ಬಹಳ. ಕಾಲು ತೊಳೆದುಕೊಂಡ ಮೇಲೆ ಗದ್ದೆಯ ನೆನಪು ಎಷ್ಟು ಮಂದಿಗಿದೆ?

ತಲಪಾಡಿ ದಾಟಿದರೆ ಕೇರಳ. ಅಲ್ಲಿ 2008ರಲ್ಲಿಯೇ ಭತ್ತದ ಗದ್ದೆ ಮತ್ತು ಜೌಗುಭೂಮಿ ಉಳಿಸುವ ಕಾಯ್ದೆ ಬಂದಿದೆ. ಮುಚ್ಚಿದ ಗದ್ದೆಯನ್ನು ಮೊದಲಿನಂತೆ ಮಾಡಿಸುವ ಅಧಿಕಾರ ಜಿಲ್ಲಾಧಿಕಾರಿಗಿದೆ. 2018ರ ತಿದ್ದುಪಡಿಯಲ್ಲಿ ಅದೂ ಸಡಿಲವಾಯಿತು, ಸರಿ. ಸಡಿಲಗೊಳಿಸಲು ಅವರಲ್ಲಿ ಕಾಯ್ದೆಯಾದರೂ ಇತ್ತು. ಅಂತಹುದೊಂದನ್ನು ನಮ್ಮಲ್ಲಿ ತರಲು ನೀವು ಸದನದಲ್ಲಿ ಒಂದು ಪ್ರಶ್ನೆಯನ್ನಾದರೂ ಕೇಳಬಾರದೇ? ಆದರೆ ಹೊಸ ಕಾಯ್ದೆ ಬರುವವರೆಗೆ ನಾನು ಕಾಯಲಾರೆ. ಇರುವ ಕಾಯ್ದೆಯಲ್ಲಿಯೇ ಮಣ್ಣು ತೆಗೆಸಿಕೊಡಿ.

ಮೇ ಕೊನೆಗೆ ಬರುವ ಪತ್ತನಾಜೆಯೊಳಗೆ ತೆಗೆಸಿಕೊಡಿ. ಅದಾದ ಮೇಲೆ ಮಳೆ ಹಿಡಿದರೆ ಟಿಪ್ಪರು ಗದ್ದೆಗೆ ಇಳಿಯುವುದಿಲ್ಲ, ‘ಮಳೆಗಾಲ ಮುಗಿಯಲಿ’ ಎಂಬ ಉತ್ತರ ಸಿದ್ಧವಾಗುತ್ತದೆ, ನಮ್ಮ ಚಾವಡಿಗೆ ಮತ್ತೆ ನೀರು ಬರುತ್ತದೆ. ಮೊದಲು ತೋಡಿನ ಮಣ್ಣು, ಆಮೇಲೆ ಗದ್ದೆಯದು. ತೆಂಗಿನ ಮರ ಕಡಿದು ಗೂಡು ಕಿತ್ತವರ ಮೇಲೆ ಪ್ರಕರಣ ದಾಖಲಾಗಲಿ. ಪರಿವರ್ತನೆಯ ಆದೇಶ ಇದೆ ಎನ್ನುವುದಾದರೆ ಅದರ ಒಂದು ಪ್ರತಿ ಕೊಡಿಸಿ. ಮಾಹಿತಿ ಹಕ್ಕಿನಲ್ಲಿ ಕೇಳಿದ್ದಕ್ಕೆ ‘ಕಡತ ಲಭ್ಯವಿಲ್ಲ’ ಎಂದು ಬಂದಿದೆ. ಆದೇಶವೂ ಇಲ್ಲ, ಕಡತವೂ ಇಲ್ಲ, ಮಣ್ಣು ಮಾತ್ರ ಇದೆ. ತೆಗೆಸಿಕೊಡಿ.

ಉತ್ತರ ಬರೆಯುವುದಿದ್ದರೆ ನೀವೇ ಬರೆಯಿರಿ. ಆಪ್ತ ಸಹಾಯಕರ ಮೂಲಕ ‘ನೋಡೋಣ’ ಎಂದು ಹೇಳಿ ಕಳುಹಿಸಬೇಡಿ. ಆ ಉತ್ತರ ನನ್ನ ಬಳಿ ಈಗಾಗಲೇ ಬೇಕಾದಷ್ಟಿದೆ.

ಇಂತಿ,
ಬೈಲಿನ ಕೊನೆಯ ಮನೆಯವಳು,
ನಿಮ್ಮ ಮತದಾರಳು